ನುಂಗಿದ ಮಾತಿನ ಜರಡಿ

ಮದುವೆ ಗೊತ್ತಾದ ಮೇಲೆ ನಮ್ಮ ಊರಿನವರು ಮೊದಲು ಬರುವುದು ಮೇಲ್ ಮನೆಗೆ, ಊರಿನವರ ಇ-ಮೇಲ್‌ಗಳೆಲ್ಲ ಹಾದುಹೋಗುವ ನಮ್ಮ ಕಚೇರಿಗೆ. ಛತ್ರ, ಅಡುಗೆಯವರು, ವಾಲಗ ಎಲ್ಲ ಆಮೇಲೆ. ಹೆಣ್ಣಿನ ಕಡೆಯವರು ಒಂದು ಬೆಂಚಿನಲ್ಲಿ, ಗಂಡಿನ ಕಡೆಯವರು ಎದುರು ಬೆಂಚಿನಲ್ಲಿ ಕೂರುತ್ತಾರೆ. ತಾಂಬೂಲದ ತಟ್ಟೆಯನ್ನು ನನ್ನ ಕೀಬೋರ್ಡಿನ ಪಕ್ಕ ಇಡುತ್ತಾರೆ. ಆಮೇಲೆ ಯಾವ ಯಾವ ಮಾತು ತಮ್ಮ ಮಗಳಿಗೆ, ತಮ್ಮ ಮಗನಿಗೆ ತಲುಪಬಾರದು ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ನಾನು ತಲೆ ತಗ್ಗಿಸಿಕೊಂಡು ಟೈಪ್ ಮಾಡುತ್ತೇನೆ. ಇದಕ್ಕೆ ಜರಡಿ ಬರೆಸುವುದು ಎನ್ನುತ್ತಾರೆ.

ಬಾಯಿಯ ತನಕ ಬಂದು ನುಂಗಿದ ಮಾತು ನಮ್ಮಲ್ಲಿ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಯಾರಿಗೆ ಹೇಳಬೇಕೆಂದಿದ್ದೆವೋ ಅವರ ಫೋನಿಗೆ ಮರುದಿನ ಬೆಳಿಗ್ಗೆ, ಹಾಲಿನವನು ಬರುವುದಕ್ಕೂ ಮುಂಚೆ, ಮೇಲ್ ಆಗಿ ಬಂದಿರುತ್ತದೆ. ನುಂಗಿದವರ ಹೆಸರು ಇರುತ್ತದೆ. ವಿಷಯ ಬರೆಯುವ ಸಾಲು ಮಾತ್ರ ಖಾಲಿ. ಬೇಕೆಂದೇ ಬರೆದು ಕಳಿಸಿದ ಮೇಲ್‌ಗೂ ನುಂಗಿದ ಮೇಲ್‌ಗೂ ಇರುವ ವ್ಯತ್ಯಾಸ ಅದೊಂದೇ. ಹೊರಗಿನಿಂದ ಬಂದು ನೆಲೆಸಿದವರು ಮೊದಲು ಹೆದರುತ್ತಾರೆ. ಆಮೇಲೆ ನಮ್ಮ ಹಾಗೆ ಎದ್ದ ಕೂಡಲೆ ಮುಖ ತೊಳೆದು, ಬಂದದ್ದನ್ನು ಓದಿ, ನಿಟ್ಟುಸಿರು ಬಿಟ್ಟು ಒಲೆ ಹಚ್ಚುವುದನ್ನು ಕಲಿಯುತ್ತಾರೆ.

ಎಲ್ಲವನ್ನೂ ಓದಿಕೊಂಡು ಬದುಕುವುದು ಕಷ್ಟ. ಅದಕ್ಕೇ ಜರಡಿ. ಯಾರಿಂದ ಬಂದದ್ದು, ಅದರಲ್ಲಿ ಯಾವ ಮಾತು ಇದ್ದದ್ದು, ಅದು ಎಲ್ಲಿಗೆ ಹೋಗಬೇಕಾದ್ದು, ಇಷ್ಟನ್ನು ಒಂದು ಸಾಲಿನಲ್ಲಿ ಬರೆದು ಮೇಲ್ ಮನೆಯ ಸರ್ವರ್ ಕಂಪ್ಯೂಟರಿಗೆ ಹಾಕಿದರೆ ಆಯಿತು. ಜರಡಿಗೆ ಸಿಕ್ಕಿದ್ದು ಆಯಾ ಜನರ ಹೊಟ್ಟಿನ ಪೆಟ್ಟಿಗೆಗೆ ಬೀಳುತ್ತದೆ. ಬೇಕಾದವರು ತೆಗೆದು ನೋಡಬಹುದು, ಯಾರೂ ನೋಡುವುದಿಲ್ಲ. ಅಮಾವಾಸ್ಯೆಗೆ ನಾವು ಎಲ್ಲರ ಹೊಟ್ಟನ್ನೂ ಖಾಲಿ ಮಾಡುತ್ತೇವೆ. ಸೊಸೆಯಂದಿರು ಅತ್ತೆಯ ಮೇಲ್‌ಗೆ, ಅತ್ತೆಯಂದಿರು ಸೊಸೆಯ ಮೇಲ್‌ಗೆ ಬರೆಸುತ್ತಾರೆ. ಬ್ಲೌಸ್ ಹೊಲಿಯುವ ನಂಜಮ್ಮಣ್ಣಿ, ಬಿಗಿ ಎಂಬ ಮಾತು ಇರುವ ಮೇಲ್ ಯಾವುದೂ ತನಗೆ ಬೇಡ ಎಂದು ಬರೆಸಿದ್ದಳು. ಎಲ್ಲರೂ ಎದುರಿಗೆ ಚೆನ್ನಾಗಿದೆ ಎಂದು ಹೇಳಿ ಹೋಗಿ, ಬೆಳಿಗ್ಗೆ ತೋಳು ಬಿಗಿ ಎನ್ನುತ್ತಾರೆ ಎಂಬುದು ಅವಳ ದೂರು. ಒಂದಷ್ಟು ದಿನದಲ್ಲಿ ಗಿರಾಕಿಗಳೇ ಬರುವುದನ್ನು ಬಿಟ್ಟರು. ಅವಳೇ ಬಂದು ಆ ಸಾಲನ್ನು ತೆಗೆಸಿದಳು.

ನನಗೆ ಕೆಲಸ ಕಲಿಸಿದವರು ರುದ್ರಾಣಕ್ಕ. ಮೇಲ್ ಮನೆಯನ್ನು ನೋಡಿಕೊಳ್ಳುವವರು ಅವರೇ. ಸರ್ವರ್ ಬಿಸಿಯಾಗದ ಹಾಗೆ ಅದರ ಕೋಣೆಯ ಕಿಟಕಿಗೆ ನೆನೆಸಿದ ಗೋಣಿಚೀಲ ಕಟ್ಟುವುದರಿಂದ ಹಿಡಿದು ಎಲ್ಲ ಕೆಲಸವನ್ನೂ ಅವರಿಂದ ಕಲಿತೆ. ಮೊದಲ ದಿನವೇ ಅವರು ಹೇಳಿದ್ದರು: "ಮೇಲಿನ ಸಾಲೇ ಯಜಮಾನ ಕಣ್ ಮಗ. ಮೇಲಿನ ಸಾಲಿಗೆ ಸಿಕ್ಕಿದ್ದು ಕೆಳಗಿನ ಸಾಲಿನ ತನಕ ಬರೋದೇ ಇಲ್ಲ. ಇದೊಂದು ಮರೀಬೇಡ, ಮಿಕ್ಕಿದ್ದು ತಾನಾಗೇ ಬರುತ್ತೆ."

ನಾನು ಮಾತು ಕಡಿಮೆ. ಯಾರೂ ಬೈದು ಬಾಯಿ ಮುಚ್ಚಿಸಿದ್ದಲ್ಲ, ಹಾಗೇ ಬೆಳೆದೆ. ಆಡದಿದ್ದರೂ ಹೇಗೂ ನಾಳೆ ಸೇರುತ್ತದಲ್ಲ ಎಂಬ ಧೈರ್ಯವೂ ಇದ್ದಿರಬೇಕು. ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗ ಎದ್ದು ನಿಲ್ಲುತ್ತಿದ್ದೆ, ಉತ್ತರ ಗೊತ್ತಿರುತ್ತಿತ್ತು, ನುಂಗಿ ಕೂರುತ್ತಿದ್ದೆ. ಮರುದಿನ ಮೇಷ್ಟ್ರಿಗೆ ಸರಿಯಾದ ಉತ್ತರ ಹೋಗಿರುತ್ತಿತ್ತು. ಅದರ ಜೊತೆಗೆ, ಸಾರ್ ನಿಮ್ಮ ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿದೆ, ಸಾರ್ ನೀವು ನಿನ್ನೆ ಹೇಳಿದ ಲೆಕ್ಕ ಇವತ್ತು ಬೇರೆ ಬಂತು, ಎಂಬುದೂ ಹೋಗಿರುತ್ತಿತ್ತು. ನನ್ನ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ. ಎಂಟನೇ ತರಗತಿಯಲ್ಲಿ ಅವರು ಅಪ್ಪನನ್ನು ಕರೆಸಿ, ನಿಮ್ಮ ಮಗಳು ತರಗತಿಯಲ್ಲಿ ಇರುವುದಕ್ಕಿಂತ ನನ್ನ ಫೋನಿನಲ್ಲೇ ಹೆಚ್ಚು ಇರುತ್ತಾಳೆ ಎಂದರು. ನಾನು ಮನೆಯಲ್ಲೇ ಉಳಿದೆ. ಅಮ್ಮ ಇರಲಿಲ್ಲ, ನಾನು ತೀರ ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ಮನೆಗೆಲಸಕ್ಕೂ ಒಬ್ಬರು ಬೇಕಿತ್ತು.

ಅಪ್ಪ ಬೋರಲಿಂಗಯ್ಯ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಕೂಗುವವರಾಗಿದ್ದರು. ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಯಾವುದು ಹೊರಟಿತು, ಯಾರ ಮಗು ತಪ್ಪಿಸಿಕೊಂಡಿದೆ, ಯಾರ ಕೊಡೆ ಸಿಕ್ಕಿದೆ, ಎಲ್ಲ ಅವರ ಗಂಟಲಿನಿಂದಲೇ ಊರಿಗೆ ಗೊತ್ತಾಗಬೇಕು. ಮಧ್ಯಾಹ್ನ ನಾನು ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗುತ್ತಿದ್ದೆ. ಜನ ಕಂಡರೆ ಕಾಲು ಬಾರದೆ ಕಂಬದ ಹಿಂದೆ ನಿಂತುಬಿಡುತ್ತಿದ್ದೆ. ಅಪ್ಪನಿಗೆ ಅದು ಗೊತ್ತು. ಮೈಕಿನಲ್ಲೇ ಕರೆಯುತ್ತಿದ್ದರು: "ಊಟದ ಕ್ಯಾರಿಯರ್ ತಂದಿರುವ ಜವನಮ್ಮ ಎಲ್ಲಿದ್ದರೂ ವಿಚಾರಣೆ ಕಿಟಕಿಯ ಬಳಿ ಬರಬೇಕು." ಇಡೀ ನಿಲ್ದಾಣ ತಿರುಗಿ ನೋಡುತ್ತಿತ್ತು. ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಮರುದಿನ ಬೆಳಿಗ್ಗೆ ಅಪ್ಪ ತಮ್ಮ ಫೋನು ನೋಡಿ, ನನ್ನ ಬೈಗುಳಗಳನ್ನೆಲ್ಲ ಓದಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಪ್ಪನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋದಾಗ ಮಾತೂ ಹೋಯಿತು. ಬಲಗೈ ಏಳುವುದಿಲ್ಲ, ಎಡಗೈಗೆ ಅಕ್ಷರ ಕೂಡುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ತಂದ ಮರುದಿನ ಬೆಳಿಗ್ಗೆ ನನ್ನ ಫೋನು ಎದ್ದು ಕುಣಿಯಿತು. ಹೇಳಲಾರದ್ದೆಲ್ಲ ನುಂಗಿದ್ದರ ಲೆಕ್ಕಕ್ಕೇ ಸೇರುತ್ತದೆ ಎಂದು ನನಗೆ ಆಗ ತಿಳಿಯಿತು. ನೀರು, ಬೆನ್ನು ತುರಿಸುತ್ತಿದೆ, ಕಿಟಕಿ ಮುಚ್ಚು, ಪಕ್ಕದ ಮನೆಯವಳು ಯಾಕೆ ಅಳುತ್ತಿದ್ದಾಳೆ, ನಾನಿನ್ನೂ ಸತ್ತಿಲ್ಲ. ಎಲ್ಲ ಒಂದು ದಿನ ಹಳೆಯವು. ನಿನ್ನೆಯ ಬಾಯಾರಿಕೆ ಇವತ್ತು ನನಗೆ ಸಿಗುತ್ತಿತ್ತು. ನಾನು ಅದಕ್ಕೂ ಹೊಂದಿಕೊಂಡೆ. ನಿನ್ನೆ ಬಾಯಾರಿದ ಹೊತ್ತಿಗೆ ಸರಿಯಾಗಿ ಇವತ್ತು ನೀರು ಹಿಡಿಯುತ್ತಿದ್ದೆ. ಬಹಳ ಸಲ ಸರಿಹೋಗುತ್ತಿತ್ತು. ಅಪ್ಪನ ಫೋನಿಗೆ ನನ್ನ ನುಂಗಿದ ಮಾತುಗಳು ಹೋಗುತ್ತಿದ್ದವು, ಅವರು ಎಡಗೈಯ ಹೆಬ್ಬೆಟ್ಟಿನಲ್ಲಿ ಸರಿಸಿ ಓದುತ್ತಿದ್ದರು. ನೋಡಿದವರಿಗೆ ಇಬ್ಬರೂ ಸುಮ್ಮನೆ ಕೂತಿರುವ ಹಾಗೆ ಕಾಣಬೇಕು. ನಾವು ಒಂದು ದಿನ ತಡವಾಗಿ ಮಾತಾಡಿಕೊಳ್ಳುತ್ತಿದ್ದೆವು, ಅಷ್ಟೇ.

ತೊಂದರೆ ಎಂದರೆ ಬಸ್ಸುಗಳು. ಮಲಗಿದಲ್ಲೇ ಅಪ್ಪ ಇಡೀ ದಿನ ಬಸ್ಸುಗಳನ್ನು ಕೂಗುತ್ತಿದ್ದರು. ಹೊಳೆದಂಡೆಗೆ ಹೋಗುವ ಬಸ್ಸು, ಮೂಡಲಪೇಟೆಯ ಬಸ್ಸು, ತಡವಾದ ಬಸ್ಸು. ಅವರ ಮಾತು ಕೇಳಿಸಿಕೊಳ್ಳುವವಳು ನಾನೊಬ್ಬಳೇ ಆದ್ದರಿಂದ ಎಲ್ಲವೂ ನನಗೇ ಬರುತ್ತಿದ್ದವು. ಆ ರಾಶಿಯಲ್ಲಿ ನೀರು, ನೋವು ಎಂಬವನ್ನು ಹುಡುಕುವುದರಲ್ಲಿ ಬೆಳಗು ಕಳೆದುಹೋಗುತ್ತಿತ್ತು. ನಾನೇ ಒಂದು ಜರಡಿ ಬರೆದುಕೊಂಡೆ. ಅಪ್ಪನಿಂದ ಬಂದದ್ದು, ಬಸ್ಸು ಎಂಬ ಮಾತು ಇದ್ದದ್ದು, ಹೊಟ್ಟಿಗೆ. ಆಮೇಲೆ ಸಲೀಸಾಯಿತು.

ಇದೆಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತು, ಗವಿಯಪ್ಪನವರ ಮಗಳ ಮದುವೆ ಮುರಿಯುವ ತನಕ.

ಗವಿಯಪ್ಪನವರು ನಮ್ಮ ಪುರಸಭೆಯ ಅಧ್ಯಕ್ಷರು. ಕೆಟ್ಟವರಲ್ಲ. ಅಪ್ಪ ಬಿದ್ದ ದಿನ ತಮ್ಮ ಎಣ್ಣೆ ಮಿಲ್ಲಿನ ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಿದವರು ಅವರೇ. ಮಗಳು ವನಜಾಕ್ಷಿಯ ಜರಡಿಯನ್ನು ಅವರು ತಾವೇ ಕೂತು ಹೇಳಿ ಬರೆಸಿದರು. ಗಂಡಿನ ಕಡೆಯವರಿಂದ ಬಂದದ್ದು, ಕಪ್ಪು ಎಂದು ಇದ್ದದ್ದು, ಕುಳ್ಳಿ ಎಂದು ಇದ್ದದ್ದು, ಚಿನ್ನ ಎಂದು, ವಯಸ್ಸು ಎಂದು, ಉಪಚಾರ ಸಾಲದು ಎಂದು. ಮಗಳ ಮೈಮೇಲೆ ಬೀಳಬಹುದಾದ ಕಲ್ಲುಗಳನ್ನೆಲ್ಲ ಅವರು ಮೊದಲೇ ಎಣಿಸಿಕೊಂಡು ಬಂದಿದ್ದರು. ಇನ್ನೇನಾದರೂ ಇದೆಯೇ ಎಂದು ರುದ್ರಾಣಕ್ಕ ಕೇಳಿದಾಗ, ಇನ್ನು ಉಳಿದದ್ದು ಒಳ್ಳೆ ಮಾತೇ ತಾನೆ, ಬರಲಿ ಬಿಡಿ ಎಂದು ನಕ್ಕಿದ್ದರು.

ಗಂಡಿನ ಕಡೆಯವರು ಮುಹೂರ್ತದ ಹಿಂದಿನ ದಿನ ಬಂದು ಇಳಿದರು. ವನಜಾಕ್ಷಿಯನ್ನು ನೋಡಿದರು, ಗಲ್ಲ ಹಿಡಿದರು, ಕಾಫಿ ಕುಡಿದರು. ಮರುದಿನ ಬೆಳಿಗ್ಗೆ ಅರಿಸಿನ ಹಚ್ಚಿಕೊಂಡು ಕೂತಿದ್ದ ಹುಡುಗಿಯ ಫೋನಿಗೆ ಗಂಡಿನ ಸೋದರತ್ತೆಯಿಂದ ಪಾಪ ಹುಡುಗಿ ಎಂದು ಬಂದಿತ್ತು. ಚಿಕ್ಕಪ್ಪನಿಂದ ಪಾಪ ಎಂದು. ದೊಡ್ಡ ಸೊಸೆಯಿಂದ, ಅಯ್ಯೋ ಪಾಪ, ಇನ್ನೂ ಮಗು ಥರ ನಗ್ತಾಳೆ ಎಂದು. ಅವರ ಜೊತೆಗೆ ಬಂದಿದ್ದ ಡ್ರೈವರನಿಂದಲೂ ಪಾಪ ಎಂದು. ಜರಡಿಯಲ್ಲಿ ಆ ಮಾತು ಇರಲಿಲ್ಲ. ಪಾಪ ಎನ್ನುವುದನ್ನು ಬೈಗುಳ ಎಂದು ಯಾರೂ ಎಣಿಸುವುದಿಲ್ಲವಲ್ಲ.

ವನಜಾಕ್ಷಿ ಫೋನು ಹಿಡಿದುಕೊಂಡು ಛತ್ರದ ಒಳಕೋಣೆಗೆ ಹೋಗಿ, ಸೋದರತ್ತೆಯ ಎದುರು ನಿಂತು, ಯಾಕೆ ಪಾಪ ಎಂದು ಕೇಳಿದಳಂತೆ. ಆಕೆ ತಬ್ಬಿಬ್ಬಾಗಿ ಇದ್ದದ್ದನ್ನು ಹೇಳಿಬಿಟ್ಟರು. ಗಂಡಿನ ತಾಯಿ ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ಇಳಿಸುವುದಿಲ್ಲ. ಸೊಸೆಗೆ ಅಕ್ಕಿ ಅಳೆದು ಕೊಡುತ್ತಾಳೆ. ದೊಡ್ಡ ಸೊಸೆ ಬಸುರಿಯಾಗಿದ್ದಾಗ ಹಸಿವಿನಿಂದ ಬಿದ್ದದ್ದುಂಟು. ಮಗ ತಾಯಿಯ ಎದುರು ಬಾಯಿ ಬಿಡುವವನಲ್ಲ. ವನಜಾಕ್ಷಿ ಕೇಳಿಸಿಕೊಂಡು, ಬಚ್ಚಲಿಗೆ ಹೋಗಿ ಅರಿಸಿನ ತೊಳೆದುಕೊಂಡು ಬಂದಳು. ಹಸೆಮಣೆ ಏರಲಿಲ್ಲ. ಮಾಡಿದ ಹೋಳಿಗೆ ಹಾಗೇ ಉಳಿಯಿತು.

ಆಮೇಲೆ ಊರಿನವರ ಪಾಪ ಶುರುವಾಯಿತು. ಗವಿಯಪ್ಪನವರನ್ನು ದಾರಿಯಲ್ಲಿ ಕಂಡವರೆಲ್ಲ ಮಳೆ ಬೆಳೆ ಮಾತಾಡಿ ಮುಂದೆ ಹೋಗುತ್ತಿದ್ದರು. ಬೆಳಿಗ್ಗೆ ಅವರ ಫೋನಿನಲ್ಲಿ ಪಾಪ ಗವಿಯಪ್ಪ ಎಂದು ಸಾಲುಗಟ್ಟಿರುತ್ತಿತ್ತು. ಅವರು ಬಂದು ಪಾಪ ಎಂಬ ಮಾತಿಗೆ ಜರಡಿ ಹಾಕಿಸಿದರು. ಮರುದಿನ ಅಯ್ಯೋ ಎಂದು ಬಂತು. ಅದಕ್ಕೂ ಹಾಕಿಸಿದರು. ಗ್ರಹಚಾರ ಎಂದು ಬಂತು. ಹೆಣ್ಣು ಹೆತ್ತವರ ಕಷ್ಟ ಎಂದು ಬಂತು. ಯಾರೋ ಒಬ್ಬರು ಬರೀ ಛೆ ಎಂದು ನುಂಗಿದ್ದರು, ಅದೂ ಬಂತು. ದಿನವೂ ಬೆಳಿಗ್ಗೆ ಮೇಲ್ ಮನೆಯ ಬಾಗಿಲು ತೆಗೆಯುವಾಗ ಅವರು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನಾನು ಒಂದು ಮಾತು ಸೇರಿಸುತ್ತಿದ್ದೆ, ಎದ್ದು ಹೋಗುತ್ತಿದ್ದರು. ಮರುಕಪಡುವುದಕ್ಕೆ ಜನರ ಹತ್ತಿರ ಎಷ್ಟು ಮಾತುಗಳಿವೆ ಎಂದು ನನಗೆ ಗೊತ್ತಾದದ್ದು ಆಗಲೇ. ನಿಮ್ಮ ಫೋನಿಗೆ ನುಂಗಿದ್ದು ಒಂದೂ ಬಾರದ ಹಾಗೆ ಬರೆದುಕೊಡುತ್ತೇವೆ ಎಂದು ರುದ್ರಾಣಕ್ಕ ಹೇಳಿದರು. ಅವರು ಬೇಡವೆಂದು ತಲೆಯಾಡಿಸಿದರು. ತಮಗೆ ಬಾರದಿದ್ದರೂ ಹೆಂಡತಿಯ ಫೋನಿಗೆ ಬರುತ್ತದೆ, ಮಗಳ ಫೋನಿಗೆ ಬರುತ್ತದೆ ಎಂದರು. ಮಗಳು ಅಂದಿನಿಂದ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

ಪುರಸಭೆಯ ಸಭೆ ಮೇಲ್ ಮನೆಯ ಜಗುಲಿಯಲ್ಲೇ ಸೇರಿತು. ಊರಿಗೆಲ್ಲ ಒಂದೇ ಜರಡಿ ಎಂದು ಗವಿಯಪ್ಪನವರು ಮುಂದಿಟ್ಟರು. ವಿಷಯದ ಸಾಲು ಖಾಲಿ ಇರುವ ಮೇಲ್ ಯಾರಿಂದ ಬಂದರೂ, ಯಾರಿಗೆ ಬಂದರೂ ತಡೆಯುವುದು. ಹೊಟ್ಟಿಗೂ ಬೇಡ, ಅಲ್ಲೇ ಅಳಿಸಿಹಾಕುವುದು. ಒಪ್ಪಿದವರು ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು. ಕೈ ಎತ್ತುವುದಕ್ಕೆ ನಮ್ಮಲ್ಲಿ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಯಾಕೆಂದರೆ ಸಭೆಯ ತೀರ್ಮಾನಕ್ಕೆ ಅಂದೇ ಸಹಿ ಬೀಳುವುದಿಲ್ಲ. ಮರುದಿನ ಬೆಳಿಗ್ಗೆ ಅಧ್ಯಕ್ಷರಿಗೆ ಬಂದಿರುವ ನುಂಗಿದ ಬೇಡಗಳನ್ನೆಲ್ಲ ಎಣಿಸಿ, ಆಮೇಲೆ ಸಹಿ. ಎದುರಿಗೆ ಹೂಂ, ಬೆಳಿಗ್ಗೆ ಊಹೂಂ. ಊರಿನ ಅದೆಷ್ಟೋ ಚರಂಡಿ, ರಸ್ತೆ ಹೀಗೇ ತೀರ್ಮಾನವಾಗಿದ್ದವು.

ಈ ಸಲ ಗವಿಯಪ್ಪನವರು ಜರಡಿಯನ್ನು ಈಗಲೇ ಹಾಕಿ ಎಂದರು.

ರುದ್ರಾಣಕ್ಕ ಎದ್ದು, "ನಾಳೆ ಬೆಳಗಿನ ತನಕ ಕಾಯೋದು ಪದ್ಧತಿ ಅಲ್ವಾ ಯಜಮಾನ್ರೆ" ಎಂದರು.

"ಆ ಪದ್ಧತಿ ಸಾಕು ಅಂತಲೇ ಅಲ್ವೇನಮ್ಮ ಎಲ್ಲರೂ ಕೈ ಎತ್ತಿದ್ದು?" ಎಂದರು ಗವಿಯಪ್ಪನವರು. ರುದ್ರಾಣಕ್ಕ ನನ್ನ ಕಡೆ ನೋಡಿ ಕುಳಿತರು.

ನಾನು ಒಳಗೆ ಹೋಗಿ ಕೀಬೋರ್ಡಿನ ಮುಂದೆ ಕೂತೆ. ಗವಿಯಪ್ಪನವರು ಹಿಂದೆ ಬಂದು ನಿಂತರು. ನನ್ನ ಬಾಯಿಗೆ ಒಂದೇ ಮಾತು ಬಂತು, ಅಪ್ಪನದೊಂದನ್ನು ತಡೆಯದೆ ಬಿಡಬೇಕು ಎಂದು. ನುಂಗಿದೆ. ಯಾವಾಗಿನಂತೆ ಬೆಳಿಗ್ಗೆ ಅವರಿಗೆ ಸೇರುತ್ತದೆ, ಓದಿ ಅವರೇ ಕರೆಸುತ್ತಾರೆ ಎಂದುಕೊಂಡೆ. ಹಾಗೆಂದುಕೊಳ್ಳುತ್ತಲೇ ಸಾಲು ಬರೆದು, ಓದಿ ನೋಡಿ, ಸರ್ವರ್‌ಗೆ ಹಾಕಿದೆ. ಗವಿಯಪ್ಪನವರು ನನ್ನ ತಲೆ ಸವರಿ ಹೊರಟುಹೋದರು. ಮನೆಗೆ ಹೋಗುವ ದಾರಿಯಲ್ಲಿ ಅರ್ಧಕ್ಕೆ ಬಂದಾಗ ನನಗೆ ಹೊಳೆಯಿತು. ನಾನು ನುಂಗಿದ ಮಾತನ್ನು ನಾನೇ ಬರೆದ ಜರಡಿ ಬೆಳಗಾಗುವ ಮೊದಲು ಅಳಿಸಿಹಾಕುತ್ತದೆ. ಆಮೇಲೆ ಕೇಳಿದರೆ ಜಗುಲಿಯಲ್ಲಿ ಕೂತಿದ್ದ ಎಷ್ಟೋ ಜನ ಅದೇ ದಾರಿಯಲ್ಲಿ, ಅಷ್ಟೇ ದೂರ ಹೋದ ಮೇಲೆ, ತಾವು ನುಂಗಿದ ಬೇಡವೂ ಅಳಿದುಹೋಗುತ್ತದೆ ಎಂದು ಹೊಳೆದು ನಿಂತಿದ್ದರಂತೆ.

ಬೆಳಿಗ್ಗೆ ಊರು ಹಗುರವಾಗಿತ್ತು. ನಂದೀಶನ ಹೋಟೆಲಿನಲ್ಲಿ ಜನ ಕಾಫಿ ಕುಡಿಯುತ್ತಾ, ಎಷ್ಟು ನೆಮ್ಮದಿ ನೋಡಿ ಎಂದು ಹೇಳಿಕೊಳ್ಳುತ್ತಿದ್ದರು. ನಂದೀಶ ಸಾಂಬಾರಿಗೆ ಬೇಳೆ ಕಡಿಮೆ ಮಾಡಿದ. ಅತ್ತೆ ಸೊಸೆಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮೇಲ್ ಮನೆಗೆ ಯಾರೂ ಬರಲಿಲ್ಲ. ರುದ್ರಾಣಕ್ಕ ಮೂಲೆಯಲ್ಲಿದ್ದ ಜೇಡರ ಬಲೆ ತೆಗೆದರು.

ಮನೆಯಲ್ಲಿ ಅಪ್ಪ ನನ್ನನ್ನೇ ನೋಡುತ್ತಿದ್ದರು. ಜರಡಿಯ ಸುದ್ದಿಯನ್ನು ನಾನು ಬಾಯಿ ಬಿಟ್ಟೇ ಹೇಳಬೇಕಾಯಿತು. ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ನಾನು ಕೇಳುವುದನ್ನು ಕಲಿತೆ. ನೀರಾ ಎಂದರೆ ಹೌದೆಂದು ತಲೆಯಾಡಿಸುತ್ತಿದ್ದರು. ಹೊದಿಕೆಯಾ ಎಂದರೆ ಇಲ್ಲವೆಂದು ತಲೆ ತಿರುಗಿಸುತ್ತಿದ್ದರು. ಆದರೆ ಕೇಳಬೇಕು ಎಂದು ಗೊತ್ತಿದ್ದನ್ನು ಮಾತ್ರ ಕೇಳಬಹುದು. ಒಂದು ದಿನ ಅಪ್ಪ ಊಟ ಬಿಟ್ಟರು. ಗಂಜಿಯ ಚಮಚ ತುಟಿಗೆ ಮುಟ್ಟಿದರೆ ಮುಖ ತಿರುಗಿಸುತ್ತಿದ್ದರು. ಹೊಟ್ಟೆ ನೋವಾ, ಉಪ್ಪು ಹೆಚ್ಚಾಯಿತಾ, ಬಿಸಿಯಾ, ನನ್ನ ಮೇಲೆ ಸಿಟ್ಟಾ, ಹೊಳೆದದ್ದೆಲ್ಲ ಕೇಳಿದೆ. ಎಲ್ಲಕ್ಕೂ ಇಲ್ಲ. ಮರುದಿನವೂ ತಿನ್ನಲಿಲ್ಲ. ಎಡಗೈಯಿಂದ ಸ್ಟೀಲಿನ ಲೋಟ ತೆಗೆದು ಗೋಡೆಗೆ ಎಸೆದರು. ಲೋಟ ಉರುಳಿ ನನ್ನ ಕಾಲ ಹತ್ತಿರ ಬಂತು. ಏನೋ ಹೇಳುತ್ತಿದ್ದಾರೆ, ಅದು ಸರ್ವರಿನ ತನಕ ಹೋಗಿ ಅಲ್ಲಿ ಸಾಯುತ್ತಿದೆ ಎಂದು ನನಗೆ ಗೊತ್ತಿತ್ತು. ಹೊಟ್ಟಿನ ಪೆಟ್ಟಿಗೆಯಲ್ಲಾದರೂ ಬಿದ್ದಿದ್ದರೆ ಹುಡುಕಬಹುದಿತ್ತು. ಅವರ ಕೆನ್ನೆಗಳು ಒಳಕ್ಕೆ ಹೋಗಿದ್ದವು. ಹೀಗೇ ಬಿಟ್ಟರೆ ಅಪ್ಪ ಉಳಿಯುವುದಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು.

ಪಕ್ಕದ ಮನೆಯವಳನ್ನು ಅಪ್ಪನ ಹತ್ತಿರ ಕೂರಿಸಿ ಗವಿಯಪ್ಪನವರ ಮನೆಗೆ ಹೋದೆ. ಯಾರಿಗೂ ಹೇಳದೆ ಒಂದು ಸಾಲು ಬರೆದುಕೊಳ್ಳಬಹುದಿತ್ತು, ಕೀಬೋರ್ಡು ನನ್ನ ಕೈಯಲ್ಲೇ ಇತ್ತು. ಆದರೆ ಸರ್ವರಿನ ಸಾಲುಗಳನ್ನು ಕದ್ದು ಬರೆಯುವುದಿಲ್ಲ ಎಂದು ರುದ್ರಾಣಕ್ಕ ಕೆಲಸಕ್ಕೆ ಸೇರಿಸಿಕೊಳ್ಳುವಾಗ ನನ್ನಿಂದ ಮಾತು ತೆಗೆದುಕೊಂಡಿದ್ದರು. ಊರಿನ ಹೊಟ್ಟೆಯೊಳಗಿನದೆಲ್ಲ ನಮ್ಮ ಕೈಯಲ್ಲಿರುತ್ತದೆ, ಒಂದು ಸಲ ಕದ್ದರೆ ಯಾರೂ ನಂಬುವುದಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ತುಟಿಯಲ್ಲೇ ಹೇಳಿಕೊಂಡು ಹೋದೆ. ಗೇಟಿನ ಹತ್ತಿರ ನಿಂತಾಗ ಎಲ್ಲ ಮರೆತುಹೋಯಿತು.

ಗವಿಯಪ್ಪನವರು ಜಗುಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಅಂಗಳದಲ್ಲಿ ವನಜಾಕ್ಷಿ ಚಾಪೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ನನ್ನನ್ನು ನೋಡಿ ಸ್ವಲ್ಪ ಸರಿದು ದಾರಿ ಬಿಟ್ಟಳು.

"ಏನವ್ವ ಜವನಿ, ಕಂಪ್ಯೂಟರ್ ಏನಾದ್ರೂ ಕೆಟ್ಟೋಯ್ತಾ?" ಎಂದರು ಗವಿಯಪ್ಪನವರು.

ನಾನು ಇಲ್ಲವೆಂದು ತಲೆಯಾಡಿಸಿದೆ.

"ಮತ್ತೇನು? ಬಾಯ್ ಬಿಟ್ಟು ಹೇಳು ತಾಯಿ. ಬೆಳಗಿನ ತನಕ ಕಾದ್ರೂ ಈಗ ನಂಗೇನೂ ಬರಲ್ಲ." ಅವರು ನಕ್ಕರು. ತಮಾಷೆಗೆ ಹೇಳಿದ್ದು. ಆದರೆ ಅವರ ಕಣ್ಣ ಸುತ್ತಲೂ ಕಪ್ಪಾಗಿತ್ತು. ಮೇಲ್ ನಿಂತ ಮೇಲೂ ಅವರಿಗೆ ನಿದ್ದೆ ಬಂದ ಹಾಗೆ ಕಾಣಲಿಲ್ಲ.

"ಅಪ್ಪ ಊಟ ಬಿಟ್ಟಿದ್ದಾರೆ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. "ಯಾಕೆ ಅಂತ ಗೊತ್ತಾಗ್ತಿಲ್ಲ. ಅವರಿಗೆ ಬೇರೆ ಬಾಯಿಲ್ಲ. ಅವರದೊಂದು ಬಿಡಬೇಕು ಯಜಮಾನ್ರೆ."

ಅವರು ಪೇಪರ್ ಮಡಿಸಿದರು. "ನಿಮ್ಮಪ್ಪಂದು ಬಿಟ್ರೆ ನಾಳೆ ಇನ್ನೊಬ್ಬ ಬರ್ತಾನೆ. ನಾಡಿದ್ದು ಊರೇ ಬಂದು ನಿಂತ್ಕೊಳುತ್ತೆ ಕಣವ್ವ."

"ನಿಂತ್ಕೊಳ್ಳಲಿ. ನಾನು ಬರ್ಕೊಡ್ತೀನಿ."

"ಆಮೇಲೆ ಮತ್ತೆ ಅದೇ ಪಾಪ, ಅದೇ ಅಯ್ಯೋ. ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

ಉತ್ತರ ಕೊಟ್ಟವಳು ವನಜಾಕ್ಷಿ. ಸಂಡಿಗೆ ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಎದ್ದು ನಿಂತಳು.

"ಅವತ್ತು ಆ ಪಾಪ ಬರದೇ ಇದ್ದಿದ್ರೆ ಇವತ್ತು ನಾನು ಆ ಮನೇಲಿ ಅವರ ಸೊಂಟದ ಬೀಗದ ಕೈ ನೋಡ್ಕೊಂಡು ಕೂತಿರ್ತಿದ್ದೆ ಅಪ್ಪ" ಎಂದಳು. "ನೀವು ಬರೆಸಿದ ಜರಡಿಲಿ ಅದೊಂದು ತೂತು ಇತ್ತು. ಅದ್ರಿಂದ ನಾನು ಉಳ್ಕೊಂಡೆ."

ಗವಿಯಪ್ಪನವರು ಮಗಳನ್ನು ನೋಡಿದರು. ಏನೋ ಬಾಯಿಗೆ ಬಂತು, ನುಂಗಿದರು. ಗಂಟಲು ಇಳಿದದ್ದನ್ನು ನಾನು ನೋಡಿದೆ. ಅದು ನಾಳೆ ಯಾರಿಗೂ ಸೇರುವುದಿಲ್ಲ ಎಂದು ಅವರಿಗೂ ಹೊಳೆದಿರಬೇಕು. ಆಮೇಲೆ ಹೊರಗೇ ಹಾಕಿದರು.

"ನಂಗೇನ್ ಗೊತ್ತಿತ್ತು? ನಿಂಗೆ ಅವಮಾನ ಆಯ್ತು ಅಂತ ಮಾತು ಬಿಟ್ಟಿದೀಯ ಅಂದ್ಕೊಂಡಿದ್ದೆ."

"ನೀವು ಮುಖ ಎತ್ತಿ ನೋಡಿದ್ರೆ ತಾನೆ ಮಾತಾಡೋದು. ನುಂಗಿದ್ರಲ್ಲೂ ಪಾಪ ಅಂತ ಇತ್ತು, ಅದಕ್ಕೆ ನೀವೇ ಜರಡಿ ಹಾಕಿಸಿದ್ರಿ" ಎಂದಳು ವನಜಾಕ್ಷಿ. ಮತ್ತೆ ಕೂತು ಸಂಡಿಗೆ ಇಡತೊಡಗಿದಳು.

ಗವಿಯಪ್ಪನವರು ಪೇಪರನ್ನು ಪಕ್ಕಕ್ಕೆ ಇಟ್ಟರು. ಆಮೇಲೆ ನನಗೆ ಹೇಳಿದರು, "ಹೋಗವ್ವ. ನಿ‌ಮ್ಮಪ್ಪಂದು ಬರ್ಕೋ. ಊರಿನ ಸಾಲು ಮಾತ್ರ ಅಳಿಸ್ಬೇಡ. ಅದು ಇರಲಿ."

"ಇರುತ್ತೆ" ಎಂದೆ. "ಅದರ ಮೇಲೆ ಬರೀತೀನಿ."

ಸಂಜೆಯೇ ಬರೆದೆ. ಅಪ್ಪನಿಂದ ಬಂದದ್ದು ಏನಿದ್ದರೂ ಬಿಡುವುದು. ಎಲ್ಲಕ್ಕಿಂತ ಮೇಲೆ, ಮೊದಲ ಸಾಲಾಗಿ ಹಾಕಿದೆ. ರುದ್ರಾಣಕ್ಕ ಕನ್ನಡಕ ಹಾಕಿಕೊಂಡು ಓದಿ ನೋಡಿ, ಏನೋ ಹೇಳಲು ಹೋಗಿ ಸುಮ್ಮನಾದರು.

ಗವಿಯಪ್ಪನವರು ಹೇಳಿದ ಹಾಗೇ ಆಯಿತು. ಸುದ್ದಿ ಹೇಗೆ ಹೋಯಿತೋ, ಜನ ಬರತೊಡಗಿದರು. ನಂಜಮ್ಮಣ್ಣಿ ಮೊದಲು ಬಂದಳು, ಗಿರಾಕಿಗಳದ್ದು ಬಿಡು, ತೋಳು ಬಿಗಿಯೋ ಸಡಿಲವೋ ಗೊತ್ತಾಗುತ್ತಿಲ್ಲ ಎಂದಳು. ನಂದೀಶನ ಹೆಂಡತಿ ಗಂಡನದ್ದು ಬಿಡು ಎಂದಳು. ನಂದೀಶ ಹಿಂದಿನ ಬಾಗಿಲಿನಿಂದ ಬಂದು ಹೆಂಡತಿಯದ್ದು ಬಿಡು ಎಂದ. ಹಾಸ್ಟೆಲಿನಲ್ಲಿ ಮಗನನ್ನು ಬಿಟ್ಟವರು, ಮುನಿಸಿಕೊಂಡ ಅಣ್ಣತಮ್ಮಂದಿರು, ನನ್ನ ಹಳೆಯ ಮೇಷ್ಟ್ರೂ ಬಂದರು. ತರಗತಿಯಲ್ಲಿ ಮಕ್ಕಳಿಗೆ ಅರ್ಥವಾಗುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದರು. ಅವರ ಅಂಗಿಯ ಗುಂಡಿ ಈಗಲೂ ಮೇಲೆ ಕೆಳಗೆ ಆಗಿತ್ತು. ನಾನು ಹೇಳಿದೆ, ಅವರು ತಿರುಗಿ ನಿಂತು ಸರಿ ಮಾಡಿಕೊಂಡರು. ಒಂದು ದಿನ ಬಾಗಿಲು ಹಾಕುವ ಹೊತ್ತಿಗೆ ಗವಿಯಪ್ಪನವರೇ ಬಂದು, ವನಜಾಕ್ಷಿಯದ್ದು ಎಂದಷ್ಟೇ ಹೇಳಿ ಬೆಂಚಿನಲ್ಲಿ ಕೂತರು. ಊರಿನ ಸಾಲು ಈಗಲೂ ಸರ್ವರಿನಲ್ಲಿದೆ, ಯಾರೂ ಅಳಿಸಿಲ್ಲ. ಎಲ್ಲಕ್ಕಿಂತ ಕೆಳಗಿದೆ. ಅಲ್ಲಿಯ ತನಕ ಇಳಿಯುವ ಮೇಲ್ ಈಗ ಇಲ್ಲವೆಂದೇ ಹೇಳಬೇಕು.

ಅವೆಲ್ಲ ಆಮೇಲಿನ ಮಾತು. ಅಪ್ಪನ ಸಾಲು ಬರೆದ ಮರುದಿನ ಬೆಳಿಗ್ಗೆ ನಾನು ಹಾಲಿನವನಿಗಿಂತ ಮೊದಲೇ ಎದ್ದು, ಅಡುಗೆಮನೆಯ ನೆಲದ ಮೇಲೆ ಫೋನು ಹಿಡಿದು ಕೂತಿದ್ದೆ. ಬಂತು. ಮೊದಲನೆಯದರಲ್ಲೇ ಇತ್ತು: ಕೆಳಗಿನ ಹಲ್ಲು ಒಡೆದಿದೆ, ಚೂರು ನಾಲಗೆಗೆ ಚುಚ್ಚುತ್ತಿದೆ, ಇವಳು ಹೊಟ್ಟೆಯನ್ನೇ ಕೇಳುತ್ತಾಳೆ. ಹಲ್ಲು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಹಲ್ಲಿನ ಡಾಕ್ಟರರನ್ನು ಮನೆಗೇ ಕರೆತರಬೇಕು, ಅಲ್ಲಿಯ ತನಕ ತಣ್ಣಗಿನ ಮಜ್ಜಿಗೆ ಹುಯ್ಯಬೇಕು ಎಂದು ಲೆಕ್ಕ ಹಾಕುತ್ತಿರುವಾಗಲೇ ಫೋನು ಮತ್ತೆ ಮತ್ತೆ ಸದ್ದು ಮಾಡತೊಡಗಿತು. ಹೊಳೆದಂಡೆಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿ ನಿಂತಿದೆ. ಮೂಡಲಪೇಟೆಯಿಂದ ಬರಬೇಕಾದ ಬಸ್ಸು ತಡವಾಗಿ ಬರಲಿದೆ. ಬಸ್ಸಿನ ಮೇಲೆ ಯಾರೂ ಹತ್ತಬಾರದು.

ನನ್ನ ಹಳೆಯ ಜರಡಿ ಎಲ್ಲಿ ಹೋಯಿತು ಎಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ರುದ್ರಾಣಕ್ಕ ಏನು ಹೇಳಲು ಹೋಗಿ ಸುಮ್ಮನಾಗಿದ್ದರು ಎಂದು ಗೊತ್ತಾಯಿತು. ಏನಿದ್ದರೂ ಬಿಡುವುದು ಎಂದು ಎಲ್ಲಕ್ಕಿಂತ ಮೇಲೆ ಬರೆದಿದ್ದೆನಲ್ಲ, ಬಸ್ಸಿನ ಸಾಲು ಅದರ ಕೆಳಗೆ ಬಿದ್ದುಹೋಗಿತ್ತು. ಮೇಲ್ ಮನೆಗೆ ಹೋದ ಕೂಡಲೆ ಸರಿ ಮಾಡಬೇಕು ಎಂದುಕೊಂಡು ಒಂದೊಂದಾಗಿ ಸರಿಸುತ್ತಾ ಹೋದೆ. ಬಸ್ಸು, ಬಸ್ಸು, ಬಸ್ಸು. ನಡುವೆ ಒಂದು ಕಡೆ ನನ್ನ ಹೆಬ್ಬೆಟ್ಟು ನಿಂತಿತು.

ಬಸ್ಸು ಹೊರಡುವ ಮುನ್ನ ಒಂದು ಪ್ರಕಟಣೆ. ಊಟದ ಕ್ಯಾರಿಯರ್ ತಂದಿರುವ ಜವನಮ್ಮ ಎಲ್ಲಿದ್ದರೂ ವಿಚಾರಣೆ ಕಿಟಕಿಯ ಬಳಿ ಬರಬೇಕು. ಅವರ ತಂದೆ ಕಾಯುತ್ತಿದ್ದಾರೆ.

ಕೆಳಗೆ ಇನ್ನೊಂದು ಕಡೆ ಮತ್ತೆ ಅದೇ ಇತ್ತು. ಇನ್ನೂ ಕೆಳಗೆ ಮತ್ತೆ. ಪ್ರತಿ ಸಲವೂ ಬಸ್ಸು ಹೊರಡುವ ಮುನ್ನ ಎಂದೇ ಶುರು. ಜರಡಿ ಬರೆದುಕೊಂಡಂದಿನಿಂದ ಪ್ರತಿ ಅಮಾವಾಸ್ಯೆಗೂ ಎಲ್ಲರ ಹೊಟ್ಟಿನ ಜೊತೆ ನನ್ನದನ್ನೂ ನಾನೇ ಖಾಲಿ ಮಾಡುತ್ತಾ ಬಂದಿದ್ದೆ.

ಬಂದೆ ಎಂದು ಮನಸ್ಸಿನಲ್ಲಿ ಅಂದುಕೊಂಡು ನುಂಗಿದರೆ ಅಪ್ಪನಿಗೆ ಅದು ನಾಳೆಯೂ ಸೇರುವುದಿಲ್ಲ, ನನ್ನದನ್ನು ಊರಿನ ಸಾಲು ಇನ್ನೂ ಅಳಿಸುತ್ತಿತ್ತು. ನಾನು ಎದ್ದು, ಮಜ್ಜಿಗೆಯ ಲೋಟ ಹಿಡಿದು ಒಳಗೆ ಹೋದೆ. ಅಪ್ಪ ಎಚ್ಚರವಾಗಿದ್ದರು.

"ಬಂದಿದೀನಿ ಅಪ್ಪ" ಎಂದೆ, ಬಸ್ ನಿಲ್ದಾಣದ ಆ ತುದಿಗೂ ಕೇಳುವಷ್ಟು ಜೋರಾಗಿ.